ನಗರದ ಬಾವಿಯ ಬಾಣಗಳು

ತೇರಿನ ರಾತ್ರಿ ದೇವಸ್ಥಾನದ ಮುಂದೆ ಮದ್ದು ಸುಡುವುದಕ್ಕೆ ಕನ್ನಡದಲ್ಲಿ ‘ಬಾಣಬಿರುಸು’ ಎಂಬ ಹಳೆಯ ಮಾತಿದೆ. ಬಿರುಸೆಂದರೆ ಬಿರುಸಿನ ಕುಡಿಕೆ ಎಂದು ಮಕ್ಕಳೂ ಬಲ್ಲರು. ಆದರೆ ಬಿಲ್ಲೂ ಇಲ್ಲದೆ, ಹೆದೆಯೂ ಇಲ್ಲದೆ ಹಾರುವ ಈ ಬಾಣ ಯಾವುದು? ಅದೇ ಇಂದಿನ ರಾಕೆಟ್ಟು. ಇಂಗ್ಲಿಷ್ ಹೆಸರು ಬರುವುದಕ್ಕೆ ಎಷ್ಟೋ ಮೊದಲೇ ಆ ವಸ್ತು ನಮ್ಮಲ್ಲಿತ್ತು. ಅದಕ್ಕೊಂದು ಹೆಸರೂ ಇತ್ತು.

೨೦೨೩ರ ಆಗಸ್ಟ್ ೨೩ರ ಸಂಜೆ ಆರು ಗಂಟೆ ನಾಲ್ಕು ನಿಮಿಷಕ್ಕೆ ಚಂದ್ರಯಾನ-೩ರ ‘ವಿಕ್ರಮ್’ ಚಂದ್ರನ ದಕ್ಷಿಣ ಧ್ರುವದ ಸಮೀಪದಲ್ಲಿ ಮೆಲ್ಲನೆ ಇಳಿಯಿತು. ಅಂಥ ಸಂಭ್ರಮದ ಹೊತ್ತಿನಲ್ಲೆಲ್ಲ ಒಂದು ಮಾತು ತಪ್ಪದೆ ಕೇಳಿಬರುತ್ತದೆ: “ರಾಕೆಟ್ಟಿನ ತವರುಮನೆ ನಮ್ಮ ಕನ್ನಡನಾಡೇ ಅಲ್ಲವೆ?” ಈ ಮಾತಿನಲ್ಲಿ ನಿಜವೆಷ್ಟು, ಅಭಿಮಾನವೆಷ್ಟು ಎಂದು ತೂಗಿ ನೋಡಬೇಕೆಂದರೆ ಬಹಳ ದೂರ ಹೋಗಬೇಕಾಗಿಲ್ಲ. ಸಿದ್ದಾಪುರದಿಂದ ತಾಳಗುಪ್ಪ, ಸಾಗರ, ಹೊಸನಗರಗಳ ದಾರಿ ಹಿಡಿದರೆ ಅರ್ಧ ದಿನದೊಳಗೆ ನಗರವೆಂಬ ಊರು ಸಿಕ್ಕುತ್ತದೆ. ಹಳೆಯ ಬಿದನೂರು ಇದೇ.

ಅಲ್ಲಿಯ ಒಂದು ತೋಟದ ಹಾಳುಬಾವಿಯ ಹೂಳನ್ನು ೨೦೦೨ರಲ್ಲಿ ತೆಗೆಯುತ್ತಿದ್ದಾಗ ತುಕ್ಕು ಹಿಡಿದ ಕಬ್ಬಿಣದ ಕೊಳವೆಗಳು ಸಿಕ್ಕವು. ಎಣಿಸಿದರೆ ನೂರೈವತ್ತಕ್ಕೂ ಮೇಲೆ. ಹಳೆಯ ಕಾಲದ ಮದ್ದುಗುಂಡು ಇರಬೇಕೆಂದು ಅವನ್ನು ಶಿವಮೊಗ್ಗೆಯ ವಸ್ತುಸಂಗ್ರಹಾಲಯಕ್ಕೆ ಸಾಗಿಸಿದರು. ಅವು ಯುದ್ಧದ ಬಾಣಗಳೆಂದು ತಜ್ಞರು ಗುರುತಿಸುವ ಹೊತ್ತಿಗೆ ಕೆಲವು ವರ್ಷಗಳೇ ಕಳೆದವು. ೨೦೧೮ರ ಜುಲೈ ತಿಂಗಳಲ್ಲಿ ಪುರಾತತ್ತ್ವ ಇಲಾಖೆಯವರು ಅದೇ ಬಾವಿಯನ್ನು ಕ್ರಮವಾಗಿ ಅಗೆಯಿಸಿದರು. ಈ ಸಲ ಸಿಕ್ಕಿದ್ದು ಸಾವಿರಕ್ಕೂ ಹೆಚ್ಚು! ಬಾವಿಯ ಮಣ್ಣು ಅಂದಿಗೂ ಮದ್ದಿನ ವಾಸನೆ ಹೊಡೆಯುತ್ತಿತ್ತೆಂದು ಅಗೆಸಿದವರು ಹೇಳಿದರು. ಇನ್ನೂರು ಮಳೆಗಾಲಗಳ ನೀರು ಇಂಗಿದರೂ ಹೋಗದ ವಾಸನೆ ಅದು.

ಈ ಕೊಳವೆಗಳು ನಗರಕ್ಕೆ ಹೇಗೆ ಬಂದವು ಎಂಬುದು ನಮ್ಮ ಸೀಮೆಯ ಇತಿಹಾಸದೊಡನೆ ಹೆಣೆದುಕೊಂಡ ಸಂಗತಿ. ೧೭೬೩ರ ಆರಂಭದಲ್ಲಿ ಹೈದರಾಲಿ ರಾಣಿ ವೀರಮ್ಮಾಜಿಯ ಬಿದನೂರನ್ನು ಗೆದ್ದು ಅದಕ್ಕೆ ಹೈದರನಗರವೆಂದು ಹೆಸರಿಟ್ಟ. ಮುಂದೆ ಹೈದರ ಹೋಗಿ ನಗರವಷ್ಟೇ ಉಳಿಯಿತು. ಬಿದನೂರಿನ ಬೆನ್ನಿಗೇ ಸೋಂದೆಯ ಸರದಿ. ಇಂದಿನ ಶಿರಸಿ, ಯಲ್ಲಾಪುರಗಳ ಕಾಡುನಾಡನ್ನು ಆಳುತ್ತಿದ್ದ ಸೋಂದೆಯ ಅರಸು ಇಮ್ಮಡಿ ಸದಾಶಿವ ಗಂಟುಮೂಟೆ ಕಟ್ಟಿ ಘಟ್ಟವಿಳಿದು, ಗೋವೆಯಲ್ಲಿ ಪೋರ್ಚುಗೀಸರ ಆಶ್ರಯ ಸೇರಿದ. ಸಿದ್ದಾಪುರ ಸೀಮೆಯ ಬಿಳಗಿಯ ಅರಸುತನವೂ ಹೈದರನ ಕಾಲಕ್ಕೇ ಮುಗಿಯಿತು. ಆದುದರಿಂದ ‘ನಮ್ಮ ಬಾಣಗಳು’ ಎಂದು ನಾವು ಹೇಳುವಾಗ ಕೊಂಚ ತಡೆದು ಹೇಳಬೇಕು. ಬಾಣದವರನ್ನು ಕಟ್ಟಿಕೊಂಡ ಸೈನ್ಯ ಈ ಮೂರು ತಾಲೂಕುಗಳಿಗೆ ಬಂದದ್ದು ಗೆಲ್ಲುವುದಕ್ಕೆಂದೇ ಹೊರತು ನೆಂಟಸ್ತಿಕೆಗಲ್ಲ.

ಬಾಣದ ವಿದ್ಯೆ ಮೈಸೂರಿನಲ್ಲಿಯೇ ಹುಟ್ಟಿತೆಂದೂ ಅಲ್ಲ. ಅದರ ಮೂಲ ಚೀನಾ ದೇಶ. ೧೪೪೩ರಲ್ಲಿ ವಿಜಯನಗರದ ಉತ್ಸವ ನೋಡಿದ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್ ಅಲ್ಲಿಯ ಮದ್ದಿನ ಆಟಗಳನ್ನು ಬೆರಗಿನಿಂದ ಬಣ್ಣಿಸಿದ್ದಾನೆ. ಹೈದರನ ತಂದೆ ಫತೇ ಮಹಮ್ಮದನು ಆರ್ಕಾಟಿನ ನವಾಬನಲ್ಲಿ ಐವತ್ತು ಜನ ಬಾಣದವರ ಮೇಲೆ ನಾಯಕನಾಗಿದ್ದನು. ಹಾಗಾದರೆ ಮೈಸೂರಿನ ಹೆಚ್ಚುಗಾರಿಕೆ ಯಾವುದು? ಒಂದೇ ಒಂದು, ಆದರೆ ದೊಡ್ಡದು: ಕಬ್ಬಿಣದ ಕೊಳವೆ.

ಪೆಟ್ಲುಪ್ಪು, ಗಂಧಕ, ಇದ್ದಲುಗಳನ್ನು ಅರೆದು ಬೆರಸಿದರೆ ಮದ್ದಾಯಿತು. ಅದನ್ನು ಒಂದು ಕಡೆ ಮುಚ್ಚಿದ ಕೊಳವೆಯಲ್ಲಿ ಗಿಡಿದು, ಇನ್ನೊಂದು ಕಡೆ ಸಣ್ಣ ಕಂಡಿ ಬಿಟ್ಟು ಕಿಡಿ ತಾಗಿಸಿದರೆ ಬಿಸಿಗಾಳಿ ಕಂಡಿಯಿಂದ ಹಿಂದಕ್ಕೆ ನುಗ್ಗುತ್ತದೆ, ಕೊಳವೆ ಮುಂದಕ್ಕೆ ಚಿಮ್ಮುತ್ತದೆ. ಕೊಳವೆ ಕಾಗದದ್ದೋ ಬಿದಿರಿನದೋ ಆದರೆ ಒತ್ತಡ ಮಿತಿ ಮೀರಿದೊಡನೆ ಒಡೆದುಹೋಗುತ್ತದೆ. ಆದ್ದರಿಂದ ಮದ್ದನ್ನು ಸಡಿಲಾಗಿ ತುಂಬಬೇಕು, ಓಟವೂ ಅಷ್ಟಕ್ಕಷ್ಟೇ. ಬಡಿದು ಮಾಡಿದ ಕಬ್ಬಿಣ ಹೆಚ್ಚಿನ ಒತ್ತಡವನ್ನು ತಾಳಿಕೊಳ್ಳುತ್ತದೆ. ಅದರಲ್ಲಿ ಮದ್ದನ್ನು ಬಿಗಿಯಾಗಿ ಗಿಡಿಯಬಹುದು. ಸುಮಾರು ಒಂದು ಪೌಂಡು ಮದ್ದಿನ ಬಾಣ ಸಾವಿರ ಗಜ ಹಾರುತ್ತಿತ್ತೆಂದು ಲೆಕ್ಕವಿದೆ. ಕೊಳವೆ ಗಾಳಿಯಲ್ಲಿ ಪಲ್ಟಿ ಹೊಡೆಯದಂತೆ ಅದಕ್ಕೊಂದು ಉದ್ದನೆಯ ಬಾಲ. ಇಂಗ್ಲೆಂಡಿನ ವುಲಿಚ್ಚಿಗೆ ಸಾಗಿಸಿ ಕಾಯ್ದಿಟ್ಟ ಮೈಸೂರಿನ ಎರಡು ಬಾಣಗಳಲ್ಲಿ ಒಂದಕ್ಕೆ ಆರಡಿಗೂ ಮಿಕ್ಕಿದ ಬಿದಿರಿನ ಗಳ. ಇನ್ನೊಂದಕ್ಕೆ ಗಳದ ಬದಲು ಮೂರಡಿಗೂ ಉದ್ದವಾದ ನೇರ ಕತ್ತಿಯ ಅಲಗು, ಚರ್ಮದ ಪಟ್ಟಿಯಿಂದ ಬಿಗಿದದ್ದು! ಹಾರಿ ಬಂದು ಬೀಳುವಾಗ ಅದು ಏನು ಮಾಡುತ್ತಿತ್ತೆಂದು ವಿವರಿಸಬೇಕಾಗಿಲ್ಲ.

೧೭೮೦ರ ಸೆಪ್ಟೆಂಬರ್ ೧೦ರಂದು ಪೊಳ್ಳಿಲೂರಿನಲ್ಲಿ ಕರ್ನಲ್ ಬೇಲಿಯ ಇಂಗ್ಲಿಷ್ ದಳ ಪೂರ್ತಿ ಮಣ್ಣುಗೂಡಿತು. ಅವರ ಮದ್ದಿನ ಬಂಡಿಗಳು ಸಿಡಿದದ್ದೇ ಸೋಲಿಗೆ ಮುಖ್ಯ ಕಾರಣ. ಬಂಡಿಗೆ ಕಿಡಿ ತಾಗಿಸಿದ್ದು ಬಾಣವೆಂದು ಕೆಲವರು, ಫಿರಂಗಿಯ ಗುಂಡೆಂದು ಕೆಲವರು. ಅಭಿಮಾನಿಗಳು ಬಾಣವೆಂದೇ ಸಾಧಿಸುತ್ತಾರೆ. ನನಗೆ ಅಷ್ಟು ಧೈರ್ಯವಿಲ್ಲ. ಗುರಿ ಹಿಡಿದು ಹೊಡೆಯುವುದು ಬಾಣದ ಬಲವಾಗಿರಲಿಲ್ಲ. ನೆಲಕ್ಕೆ ಬಡಿದು ಪುಟಿದು, ಹಾವಿನಂತೆ ಹರಿದು, ಎತ್ತು ಕುದುರೆಗಳನ್ನು ಬೆದರಿಸಿ ಚೆಲ್ಲಾಪಿಲ್ಲಿ ಮಾಡುವುದರಲ್ಲಿ ಅದರ ಬಲವಿತ್ತು. ೧೭೯೯ರ ಏಪ್ರಿಲ್ ೫ರ ರಾತ್ರಿ ಶ್ರೀರಂಗಪಟ್ಟಣದ ಹತ್ತಿರ ಸುಲ್ತಾನಪೇಟೆಯ ತೋಪಿನಲ್ಲಿ ಕರ್ನಲ್ ವೆಲ್ಲೆಸ್ಲಿ ಕತ್ತಲು, ಗುಂಡು, ಬಾಣಗಳ ನಡುವೆ ಸಿಕ್ಕು ಹಿಮ್ಮೆಟ್ಟಬೇಕಾಯಿತು. ಮುಂದೆ ವಾಟರ್ಲೂವಿನಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ಡ್ಯೂಕ್ ಆಫ್ ವೆಲ್ಲಿಂಗ್ಟನ್ ಈತನೇ.

ಆದರೂ ಮೇ ೪ರಂದು ಕೋಟೆ ಬಿತ್ತು, ಟೀಪು ಮಡಿದನು. ಗೆದ್ದವರು ಉಗ್ರಾಣಗಳನ್ನು ಎಣಿಸಿದಾಗ ಬಾಣ ಹಾರಿಸುವ ಸಾಧನಗಳು ೬೦೦, ಸಿದ್ಧವಾದ ಬಾಣಗಳು ೭೦೦, ಮದ್ದು ತುಂಬದ ಕೊಳವೆಗಳು ೯,೦೦೦ ಸಿಕ್ಕವು. ಮಾದರಿಗಳು ಇಂಗ್ಲೆಂಡಿಗೆ ಹೋದವು. ೧೮೦೪ರ ಸುಮಾರಿಗೆ ವಿಲಿಯಂ ಕಾಂಗ್ರೀವ್ ಎಂಬಾತ ಅಲ್ಲಿ ಪ್ರಯೋಗಕ್ಕೆ ಕೈಹಾಕಿದನು. ಮದ್ದಿನ ಪ್ರಮಾಣ ಬದಲಿಸಿ, ಕೊಳವೆಯ ಅಳತೆ ಬದಲಿಸಿ, ಪ್ರತಿಸಲದ ಫಲವನ್ನೂ ಬರೆದಿಟ್ಟುಕೊಂಡನು. ಕೆಲವೇ ವರ್ಷಗಳಲ್ಲಿ ಅವನ ರಾಕೆಟ್ಟುಗಳು ಮೈಸೂರಿನವನ್ನು ಮೀರಿಸಿದವು. ೧೮೦೭ರಲ್ಲಿ ಕೋಪನ್‌ಹೇಗನ್ ನಗರದ ಮೇಲೆ ಬಿದ್ದ ಬೆಂಕಿಯಲ್ಲಿ ಅವೂ ಇದ್ದವು. ೧೮೧೪ರಲ್ಲಿ ಅಮೆರಿಕೆಯ ಬಾಲ್ಟಿಮೋರ್ ಕೋಟೆಯ ಮೇಲೆ ಉರಿದ ಅವುಗಳ ಕೆಂಪು ಬೆಳಕು ಆ ದೇಶದ ರಾಷ್ಟ್ರಗೀತೆಯಲ್ಲಿ ಸೇರಿಹೋಗಿದೆ.

ವಿಷಯದ ತಿರುಳು ಇಲ್ಲಿದೆ. ಬೆಂಗಳೂರಿನ ವಿಜ್ಞಾನಿ ರೊದ್ದಂ ನರಸಿಂಹ ಅವರು ೧೯೮೫ರಲ್ಲಿ ಮೈಸೂರು ಹಾಗೂ ಬ್ರಿಟನ್ನಿನ ರಾಕೆಟ್ಟುಗಳ ಬಗ್ಗೆ ಪ್ರಬಂಧವೊಂದನ್ನು ಬರೆದರು. ಅದನ್ನು ಓದಿದವರಿಗೆ ಎರಡು ನಾಡುಗಳ ಅಂತರ ಎಲ್ಲಿತ್ತೆಂಬುದು ಕಾಣುತ್ತದೆ. ನಮ್ಮ ಕಮ್ಮಾರನಿಗೆ ಕೈಯ ಹದ ಗೊತ್ತಿತ್ತು. ಎಷ್ಟು ಬಡಿಯಬೇಕು, ಎಷ್ಟು ಗಿಡಿಯಬೇಕು ಎಂಬುದು ತಂದೆಯಿಂದ ಮಗನಿಗೆ ಬಂದ ಗುಟ್ಟು. ಅತ್ತ ನ್ಯೂಟನ್ನನ ಗಣಿತವಿತ್ತು, ತೂಕ ಅಳತೆಗಳಿದ್ದವು, ಕಾರಖಾನೆಗಳು ಏಳುತ್ತಿದ್ದವು. ಇತ್ತ ದೊರೆ ಅಳಿದೊಡನೆ ಬಾಣದ ಕುಲುಮೆಗಳು ಆರಿದವು, ಕೈಯ ಹದವೂ ಕೈಯೊಡನೆಯೇ ಮಣ್ಣಾಯಿತು. ಕಾಂಗ್ರೀವನಿಗೆ ಸರ್ ಪದವಿಯುಂಟು, ಚರಿತ್ರೆಯಲ್ಲಿ ಸ್ಥಾನವುಂಟು. ನಗರದ ಬಾವಿಯ ಸಾವಿರ ಕೊಳವೆಗಳನ್ನು ಬಡಿದ ಒಬ್ಬ ಕಮ್ಮಾರನ ಹೆಸರೂ ನಮಗೆ ಉಳಿದಿಲ್ಲ. ಅಭಿಮಾನ ಪಡುವ ಮುನ್ನ ನಾವು ಪಡಬೇಕಾದ ಸಂಕಟ ಇದು ಎಂದು ನನಗನ್ನಿಸುತ್ತದೆ.

ಕಾಂಗ್ರೀವನ ಬಾಣವೂ ಬಾಹ್ಯಾಕಾಶಕ್ಕೆ ಹೋಗುವಂಥದಾಗಿರಲಿಲ್ಲ. ಕಪ್ಪು ಮದ್ದಿಗೆ ಆ ಶಕ್ತಿಯಿಲ್ಲ. ೧೯೦೩ರಲ್ಲಿ ರಷ್ಯದ ಶಾಲಾಮಾಸ್ತರ ತ್ಸಿಯೋಲ್ಕೊವ್‌ಸ್ಕಿ ಗಣಿತದಿಂದ ದಾರಿ ತೋರಿದ. ೧೯೨೬ರಲ್ಲಿ ಅಮೆರಿಕೆಯ ಗೊಡ್ಡಾರ್ಡ್ ದ್ರವ ಇಂಧನದ ರಾಕೆಟ್ಟು ಹಾರಿಸಿದ. ೧೯೫೭ರ ಅಕ್ಟೋಬರ್ ೪ರಂದು ಸ್ಪುಟ್ನಿಕ್ ಮೇಲೇರಿತು. ಅದರ ‘ಬೀಪ್ ಬೀಪ್’ ದನಿಯನ್ನು ಲೋಕದ ಹವ್ಯಾಸಿಗಳು ಕಿರುತರಂಗದ ರೇಡಿಯೋಗಳಲ್ಲೇ ಹಿಡಿದರು. ೧೯೬೯ರ ಜುಲೈ ೨೧ರ ಬೆಳಿಗ್ಗೆ, ನಮ್ಮ ವೇಳೆ ಎಂಟೂವರೆಯ ಹೊತ್ತಿಗೆ, ಆರ್ಮ್‌ಸ್ಟ್ರಾಂಗ್ ಚಂದ್ರನ ಮೇಲೆ ಕಾಲಿಟ್ಟಾಗ ಭಾರತದಲ್ಲಿ ದೆಹಲಿಯ ಹೊರಗೆ ದೂರದರ್ಶನವಿರಲಿಲ್ಲ. ಆಷಾಢದ ಮಳೆಯಲ್ಲಿ ಮುಳುಗುವ ಶಿರಸಿ ಯಲ್ಲಾಪುರಗಳಿಗೆ ಚಂದ್ರನ ಸುದ್ದಿ ಬರಬೇಕಾದರೆ ಮೊದಲು ಕಿವಿಯಿಂದಲೇ ಬರಬೇಕಾಗಿತ್ತು.

ಕನ್ನಡನಾಡು ಮತ್ತೆ ಈ ಕೆಲಸಕ್ಕೆ ತೊಡಗಿದ್ದು ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ. ಉಡುಪಿ ಬಳಿಯ ಅದಮಾರಿನಲ್ಲಿ ಹುಟ್ಟಿದ ಯು. ಆರ್. ರಾವ್ ಅವರ ನೇತೃತ್ವದಲ್ಲಿ ಅಲ್ಲಿ ಕಟ್ಟಿದ ೩೬೦ ಕಿಲೋ ತೂಕದ ‘ಆರ್ಯಭಟ’ ೧೯೭೫ರ ಏಪ್ರಿಲ್ ೧೯ರಂದು ರಷ್ಯದ ನೆಲದಿಂದ ಹಾರಿತು. ಈ ಸಲ ಗುಟ್ಟು ಕೈಯಲ್ಲಷ್ಟೇ ಉಳಿಯಲಿಲ್ಲ. ಕಾಗದಕ್ಕೆ ಇಳಿಯಿತು, ತರಗತಿಗೆ ಬಂತು.

ನಗರದ ಬಾವಿಗೆ ಅಷ್ಟೊಂದು ಬಾಣಗಳು ಬಿದ್ದದ್ದೇಕೆ? ೧೭೮೩ರಲ್ಲಿ ಜನರಲ್ ಮ್ಯಾಥ್ಯೂಸ್ ನಗರವನ್ನು ಹಿಡಿದಾಗ, ಅದೇ ವರ್ಷ ಟೀಪು ಮರಳಿ ಪಡೆದಾಗ, ೧೭೯೯ರಲ್ಲಿ ಎಲ್ಲ ಮುಗಿದಾಗ, ಹೀಗೆ ಹಗೆಯ ಕೈಗೆ ಸಿಕ್ಕದಿರಲೆಂದು ಮದ್ದನ್ನು ನೀರಿಗೆ ಹಾಕುವ ಗಳಿಗೆ ಆ ಊರಿಗೆ ಹಲವು ಸಲ ಬಂದಿದೆ. ಶಿವಮೊಗ್ಗೆಗೆ ಹೋದವರು ಶಿವಪ್ಪನಾಯಕನ ಅರಮನೆಯ ಸಂಗ್ರಹಾಲಯದಲ್ಲಿ ಅವನ್ನು ನೋಡಬಹುದು. ಗೇಣುದ್ದದ ಕೊಳವೆಗಳು, ತುಕ್ಕಿನಿಂದ ಸಾಗುವಾನಿಯ ತೊಗಟೆಯಂತಾಗಿವೆ. ಬಿದಿರಿನ ಬಾಲ ಯಾವುದಕ್ಕೂ ಉಳಿದಿಲ್ಲ.