ರಾಬರ್ಟ್‌ಸೋನಿಯನ್ ಸ್ಥಾನಾಂತರ

ಎರಡು ವರ್ಣತಂತುಗಳು ಸೆಂಟ್ರೊಮಿಯರಿನ (ವರ್ಣತಂತುವಿನ ಎರಡು ಭುಜಗಳು ಕೂಡುವ ಜಾಗ) ಬಳಿ ತುಂಡಾಗಿ, ಅವುಗಳ ಉದ್ದ ಭುಜಗಳೆರಡೂ ಬೆಸೆದು ಒಂದೇ ವರ್ಣತಂತುವಾಗುವ ಮಾರ್ಪಾಟು. ಅಮೆರಿಕದ ವಿಜ್ಞಾನಿ ಡಬ್ಲ್ಯು. ಆರ್. ಬಿ. ರಾಬರ್ಟ್‌ಸನ್ 1916ರಲ್ಲಿ ಮಿಡತೆಗಳಲ್ಲಿ ಇದನ್ನು ವಿವರಿಸಿದ್ದರಿಂದ ಈ ಹೆಸರು ಬಂದಿದೆ. ಸುಮಾರು ಸಾವಿರ ಜನರಲ್ಲಿ ಒಬ್ಬರು ಇದರ ವಾಹಕರು.

ಉಂಟಾಗುವ ಬಗೆ: ಮನುಷ್ಯರಲ್ಲಿ 13, 14, 15, 21 ಮತ್ತು 22ನೆಯ ವರ್ಣತಂತುಗಳಿಗೆ ಮಾತ್ರ ಇದು ಸಂಬಂಧಿಸಿದೆ. ಇವುಗಳ ಸೆಂಟ್ರೊಮಿಯರ್ ತುದಿಗೆ ಹತ್ತಿರವಿದ್ದು, ಗಿಡ್ಡ ಭುಜದಲ್ಲಿ ರೈಬೋಸೋಮಿನ ಆರ್‌ಎನ್‌ಎ ತಯಾರಿಸುವ ಜೀನ್‌ಗಳ ಅನೇಕ ಪ್ರತಿಗಳಿರುತ್ತವೆ. ನ್ಯೂಕ್ಲಿಯೋಲಸ್ ರಚನೆಯಾಗುವಾಗ ಈ ಭುಜಗಳು ಒಂದೆಡೆ ಸೇರುತ್ತವೆ. ಒಂದನ್ನೊಂದು ಹೋಲುವ ಡಿಎನ್‌ಎ ಭಾಗಗಳ ನಡುವೆ ಅದಲುಬದಲು ನಡೆಯುವುದು ಆಗ. 13 ಮತ್ತು 14ರ ಬೆಸುಗೆ ಎಲ್ಲಕ್ಕಿಂತ ಸಾಮಾನ್ಯ. ಗಿಡ್ಡ ಭುಜಗಳು ಕಳೆದುಹೋದರೂ ಅದೇ ಜೀನ್‌ಗಳು ಉಳಿದ ವರ್ಣತಂತುಗಳಲ್ಲಿರುವುದರಿಂದ, 46ರ ಬದಲು 45 ವರ್ಣತಂತುಗಳುಳ್ಳ ವಾಹಕ ಆರೋಗ್ಯವಾಗಿಯೇ ಇರುತ್ತಾನೆ.

ಆನುವಂಶಿಕತೆ: ತೊಡಕು ಎದುರಾಗುವುದು ಲಿಂಗಾಣುಗಳು ರೂಪುಗೊಳ್ಳುವಾಗ. 14 ಮತ್ತು 21 ಬೆಸೆದ ವಾಹಕರಲ್ಲಿ ಬೆಸೆದ ವರ್ಣತಂತು, ಬಿಡಿ 14 ಮತ್ತು ಬಿಡಿ 21, ಈ ಮೂರೂ ಲಿಂಗಾಣುಗಳನ್ನು ರೂಪಿಸುವ ಕೋಶವಿಭಜನೆಯಾದ ಮಿಯಾಸಿಸ್‌ನಲ್ಲಿ ಜೊತೆಗೂಡುತ್ತವೆ. ಅವು ಬೇರ್ಪಡುವಾಗ ಆರು ಬಗೆಯ ಲಿಂಗಾಣುಗಳು ಹುಟ್ಟಬಹುದು. ಒಂದು ಸಹಜ, ಒಂದರಿಂದ ಮತ್ತೊಬ್ಬ ವಾಹಕ, ಉಳಿದ ನಾಲ್ಕು ಅಸಮತೋಲಿತ. ಇವುಗಳಲ್ಲಿ 21ನೆಯದು ಹೆಚ್ಚುವರಿಯಾದರೆ ಮಗುವಿಗೆ ಡೌನ್ ಸಿಂಡ್ರೋಮ್. ಮಿಕ್ಕ ಮೂರರಿಂದಾದ ಭ್ರೂಣಗಳು ಸಾಮಾನ್ಯವಾಗಿ ಗರ್ಭದಲ್ಲೇ ನಾಶವಾಗುತ್ತವೆ. ತಾಯಿ ವಾಹಕಳಾಗಿದ್ದರೆ ಡೌನ್ ಮಗು ಹುಟ್ಟುವ ಸಾಧ್ಯತೆ ಶೇ. 10-15, ತಂದೆ ವಾಹಕನಾಗಿದ್ದರೆ ಶೇ. 1ರ ಆಸುಪಾಸು. ಎರಡು 21ನೆಯ ವರ್ಣತಂತುಗಳೇ ಪರಸ್ಪರ ಬೆಸೆದಿದ್ದರೆ ಬದುಕಿ ಹುಟ್ಟುವ ಬಹುತೇಕ ಎಲ್ಲ ಮಕ್ಕಳಿಗೂ ಡೌನ್ ಸಿಂಡ್ರೋಮ್ ಇರುತ್ತದೆ. ಒಟ್ಟು ಡೌನ್ ಪ್ರಕರಣಗಳಲ್ಲಿ ಸ್ಥಾನಾಂತರದಿಂದಾದವು ಶೇ. 3-4.

ಜೀನೋಮಿನ ಸ್ಥಿರತೆ: ಬೆಸೆದ ವರ್ಣತಂತುವಿನಲ್ಲಿ ಹಲವು ವೇಳೆ ಎರಡು ಸೆಂಟ್ರೊಮಿಯರ್‌ಗಳು ಉಳಿದುಕೊಳ್ಳುತ್ತವೆ. ಸಾಮಾನ್ಯವಾಗಿ ಒಂದು ನಿಷ್ಕ್ರಿಯವಾಗಿ ವಿಭಜನೆ ಸುಗಮವಾಗುತ್ತದೆ. ಎರಡೂ ದೂರದೂರವಿದ್ದು ಸಕ್ರಿಯವಾಗಿದ್ದರೆ ವರ್ಣತಂತು ಎರಡು ದಿಕ್ಕಿಗೂ ಎಳೆಯಲ್ಪಟ್ಟು ಹರಿಯುತ್ತದೆ. ಹರಿದ ತುದಿಗಳು ಮತ್ತೆ ಬೆಸೆದು ಮತ್ತೆ ಹರಿಯುವ ಈ ಚಕ್ರವನ್ನು ಬಾರ್ಬರಾ ಮೆಕ್ಲಿಂಟಾಕ್ ಮೆಕ್ಕೆಜೋಳದಲ್ಲಿ ಗುರುತಿಸಿದ್ದರು. 15 ಮತ್ತು 21 ಬೆಸೆದ ವಾಹಕರಲ್ಲಿ ಆ ವರ್ಣತಂತು ಒಮ್ಮೆಗೇ ಚೂರುಚೂರಾಗಿ ಅಡ್ಡಾದಿಡ್ಡಿ ಜೋಡಣೆಗೊಂಡು ಒಂದು ವಿಶಿಷ್ಟ ಬಗೆಯ ರಕ್ತದ ಕ್ಯಾನ್ಸರ್ ತಲೆದೋರಬಹುದು. ಇತರರಿಗಿಂತ ಇವರಿಗೆ ಅದರ ಅಪಾಯ ಸುಮಾರು 2,700 ಪಟ್ಟು ಹೆಚ್ಚೆಂದು 2014ರ ಅಧ್ಯಯನವೊಂದು ತೋರಿಸಿತು. ಆದರೆ ಆ ಕಾಯಿಲೆಯೇ ಬಲು ಅಪರೂಪ.

ಇತರ ಜೀವಿಗಳಲ್ಲಿ: ದನಗಳಲ್ಲಿ 1 ಮತ್ತು 29ನೆಯ ವರ್ಣತಂತುಗಳ ಬೆಸುಗೆ 1964ರಲ್ಲಿ ಸ್ವೀಡನ್ನಿನಲ್ಲಿ ಪತ್ತೆಯಾಯಿತು, ಇದರಿಂದ ಫಲವಂತಿಕೆ ತಗ್ಗುತ್ತದೆ. ಡ್ರಾಸೊಫಿಲ ನಸೂಟ ನೊಣದಲ್ಲಿ 8 ವರ್ಣತಂತುಗಳಿದ್ದರೆ, ಅದರ ಹತ್ತಿರದ ಬಂಧು ಆಲ್ಬೊಮಿಕಾನ್ಸ್‌ನಲ್ಲಿ 3ನೆಯ ವರ್ಣತಂತು ಲಿಂಗ ವರ್ಣತಂತುಗಳೊಡನೆ ಬೆಸೆದು 6 ಮಾತ್ರ ಇವೆ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಎಚ್. ಎ. ರಂಗನಾಥ್ ಮತ್ತು ಸಂಗಡಿಗರು ಇವೆರಡರ ಸಂಕರದಿಂದ ಹೊಸ ವರ್ಣತಂತು ವಿನ್ಯಾಸವುಳ್ಳ ತಳಿಗಳು ಪ್ರಯೋಗಾಲಯದಲ್ಲೇ ನೆಲೆಗೊಂಡದ್ದನ್ನು ದಾಖಲಿಸಿದ್ದಾರೆ.

ಪತ್ತೆ: ರಕ್ತದ ಮಾದರಿಯಿಂದ ಮಾಡುವ ಕ್ಯಾರಿಯೋಟೈಪ್ ಪರೀಕ್ಷೆಯಲ್ಲಿ ಸ್ಥಾನಾಂತರ ತಿಳಿಯುತ್ತದೆ. ಪದೇ ಪದೇ ಗರ್ಭಪಾತವಾಗುತ್ತಿರುವ ದಂಪತಿಗಳೂ ಸ್ಥಾನಾಂತರದ ಡೌನ್ ಮಗುವಿನ ತಂದೆತಾಯಿಗಳೂ ಈ ಪರೀಕ್ಷೆ ಮಾಡಿಸಿಕೊಳ್ಳುವುದು ಸೂಕ್ತ.