ಮತ್ಸ್ಯವಿನೋದವೂ ಎಚ್. ಎಸ್. ಥಾಮಸರೂ

ಹಿಂದೂದೇಶದಲ್ಲಿ ಗಾಳದ ಬೇಟೆಗೆ ಶಾಸ್ತ್ರದ ಗೌರವವನ್ನು ತಂದವರಲ್ಲಿ ಹೆನ್ರಿ ಸಲಿವನ್ ಥಾಮಸರೇ ಮೊದಲಿಗರೆಂದು ಹೇಳುವ ವಾಡಿಕೆಯುಂಟು. ಕನ್ನಡಿಗರು ಈ ಮಾತನ್ನು ಹಾಗೆಯೇ ಒಪ್ಪುವಂತಿಲ್ಲ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಕ್ರಿ. ಶ. 1130ರ ಸುಮಾರಿಗೆ ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮತ್ಸ್ಯವಿನೋದವೆಂಬ ಪ್ರಕರಣವೇ ಇದೆ. ಮೀನುಗಳನ್ನು ಕಡಲಿನವು ಹೊಳೆಯವು ಎಂದೂ, ಶಲ್ಕವುಳ್ಳವು ಇಲ್ಲದವು ಎಂದೂ ವಿಂಗಡಿಸಿ, ಅವುಗಳಿಗೆ ಹಾಕತಕ್ಕ ಆಹಾರವನ್ನೂ ಗಾಳದ ಕ್ರಮವನ್ನೂ ಅರಸನು ಅಲ್ಲಿ ನಿರೂಪಿಸಿರುವನು. ಮತ್ಸ್ಯಶಾಸ್ತ್ರಜ್ಞರಾದ ಸುಂದರಲಾಲ ಹೋರಾ ಅವರು 1951ರಲ್ಲಿ ಈ ಪ್ರಕರಣವನ್ನು ವಿಮರ್ಶಿಸಿದರು.

ಹಾಗಾದರೆ ಥಾಮಸರದೆಂದು ಉಳಿಯುವುದೇನು? ಮದರಾಸು ಸಿವಿಲ್ ಸರ್ವಿಸಿಗೆ ಸೇರಿದ ಇವರು ದಕ್ಷಿಣ ಕನ್ನಡ ಜಿಲ್ಲೆಯ ಕಲೆಕ್ಟರಾಗಿದ್ದರು. ಅಲ್ಲಿಯ ಹೊಳೆಗಳಲ್ಲಿ ಇವರು ಕಂಡದ್ದು ಬೇಟೆಯ ಸುಖವನ್ನು ಮಾತ್ರವಲ್ಲ. ಕಾಕಮಾರಿ, ಕಾರೆಕಾಯಿಗಳನ್ನು ಅರೆದು ಮಡುವಿಗೆ ಬೆರಸಿದರೆ ಹಿರಿದು ಕಿರಿದೆನ್ನದೆ ಮೀನೆಲ್ಲ ತೇಲಿಬರುತ್ತದೆ. ಹರಿವಿಗೆ ಅಡ್ಡಲಾಗಿ ಒಡ್ಡುವ ಸಣ್ಣ ಕಣ್ಣಿನ ಕೂಣಿಯಲ್ಲಿ ಮರಿಯೂ ಉಳಿಯುವುದಿಲ್ಲ. ಜನರ ಆಹಾರವೇ ಹೀಗೆ ಹಾಳಾಗುತ್ತಿದೆಯೆಂಬುದು ಇವರ ವಾದ. ದಕ್ಷಿಣ ಕನ್ನಡದ ಮತ್ಸ್ಯಸಂವರ್ಧನವನ್ನು ಕುರಿತ ಇವರ ವರದಿ 1870ರಲ್ಲಿ ಹೊರಬಂದಿತು. ‘ದಿ ರಾಡ್ ಇನ್ ಇಂಡಿಯಾ’ ಎಂಬ ಪ್ರಸಿದ್ಧ ಗ್ರಂಥವು 1873ರಲ್ಲಿ ಅಚ್ಚಾದುದು ಲಂಡನ್ನಿನಲ್ಲಲ್ಲ, ಮಂಗಳೂರಿನಲ್ಲಿ. ಕಿಟ್ಟೆಲರ ನಿಘಂಟು 1894ರಲ್ಲಿ ಬೆಳಕು ಕಂಡ ಊರೇ ಅದು. ಗಾಳ, ದಾರಗಳ ವಿವರದೊಡನೆ ಮೀನುಗಳ ಸ್ವಭಾವ, ಸಾಕಣೆ, ಬೆಲೆಗಳ ವಿಚಾರವೂ ಅದರಲ್ಲಿ ಸೇರಿದೆ. ಕೆರೆಗಳ ಬೇಟೆಯನ್ನು ಕುರಿತ ಇವರ ಇನ್ನೊಂದು ಪುಸ್ತಕವು 1887ರದು. ಕನ್ನಡ ಜಿಲ್ಲೆಯ ಮೀನೊಂದಕ್ಕೆ ಫ್ರಾನ್ಸಿಸ್ ಡೇ ಅವರು 1874ರಲ್ಲಿ ಬಾರ್ಬಸ್ ಥಾಮಸ್ಸಿ ಎಂದು ಹೆಸರಿಟ್ಟರು. ಇಂದು ಅದರ ಕುಲನಾಮ ಹಿಪ್ಸೆಲೊಬಾರ್ಬಸ್ ಎಂದು ಬದಲಾಗಿದ್ದರೂ ಥಾಮಸರ ಹೆಸರು ಉಳಿದಿದೆ.

ನೀರಿಗೆ ವಿಷ ಬೆರಸುವುದನ್ನೂ ಸಿಡಿಮದ್ದು ಹಾಕುವುದನ್ನೂ ನಿಷೇಧಿಸಿದ ಮೀನುಗಾರಿಕೆಯ ಕಾಯಿದೆ 1897ರಲ್ಲಿ ಬಂದಿತು; ‘ರಾಡ್’ ಗ್ರಂಥದ ಮೂರನೆಯ ಮುದ್ರಣವೂ ಅದೇ ವರ್ಷದ್ದು. ಇಲ್ಲಿ ಒಂದು ಆಕ್ಷೇಪಕ್ಕೆ ಎಡೆಯುಂಟು. ದೊರೆಯ ಗಾಳ ವಿನೋದವೆನಿಸಿ, ಬಡವನ ಕೂಣಿ ಅಪರಾಧವೆನಿಸಿದ್ದು ನ್ಯಾಯವೆ? ಕೂಣಿಯ ವಿಷಯದಲ್ಲಿ ಈ ಆಕ್ಷೇಪವು ತಕ್ಕಮಟ್ಟಿಗೆ ಸಲ್ಲುತ್ತದೆ. ವಿಷದ ವಿಷಯದಲ್ಲಿ ಸಲ್ಲದು. ಮಡುವಿಗೆ ವಿಷವಿಟ್ಟವನು ಮುಂದಿನ ವರ್ಷದ ತನ್ನ ಊಟಕ್ಕೇ ಇಟ್ಟಂತೆ. ಅರಸನು ಮೀನನ್ನು ಬೇಟೆಗಾರನ ಕಣ್ಣಿನಿಂದ ಬಲ್ಲವನು. ಬೇಟೆಯ ಹಂಬಲದಿಂದಲೇ ಹೊಳೆಯ ರಕ್ಷಣೆಯ ಚಿಂತೆಗೆ ಸಾಗಿದುದು ಥಾಮಸರ ವಿಶೇಷ. ಅವರು ಅಂಜಿದ ಕೇಡು ಅವರ ಕಾಲದೊಂದಿಗೆ ಕೊನೆಗೊಳ್ಳಲಿಲ್ಲ. ದೇವರ ಮೀನುಗಳೆಂದು ಯಾರೂ ಮುಟ್ಟದ ಶಿಶಿಲದ ಕಪಿಲಾ ಹೊಳೆಗೇ 1996ರಲ್ಲಿ ವಿಷ ಬಿದ್ದು, ಶಿಶಿಲೇಶ್ವರನ ಸನ್ನಿಧಿಯ ಮೀನುಗಳು ರಾಶಿರಾಶಿಯಾಗಿ ಸತ್ತವು. ಅವುಗಳಿಗಾಗಿ ನಿಲ್ಲಿಸಿದ ಸ್ಮಾರಕವು ಅಲ್ಲಿದೆ.