ಗಿರಣಿ, ಸುಂಕ ಮತ್ತು ನನ್ನ ಸೋದರಮಾವ

1991ರ ಜುಲೈ ಕೊನೆ. ಬಿ.ಕಾಂ. ಮುಗಿಸಿ ಮುಂಬಯಿಗೆ ಬಂದು ಬ್ಯಾಂಕ್ ಸೇರಿ ಆರು ತಿಂಗಳೂ ಆಗಿರಲಿಲ್ಲ. ಬ್ರಾಂಚು ಇದ್ದದ್ದು ಲಾಲ್‌ಬಾಗ್‌ನಲ್ಲಿ (ಬೆಂಗಳೂರಿನದಲ್ಲ ಮತ್ತೆ, ಪರೇಲ್ ಪಕ್ಕದ್ದು!). ಮನಮೋಹನ್ ಸಿಂಗ್ ಅವರ ಬಜೆಟ್ ಆಗಷ್ಟೇ ಬಂದಿತ್ತು. ಆಮದು ಸುಂಕದ ಗರಿಷ್ಠ ದರವನ್ನು ಶೇಕಡ 150ಕ್ಕೆ 'ಇಳಿಸಿದ್ದರು'. ಅದಕ್ಕೆ ಮೊದಲು 300 ದಾಟಿತ್ತು ಅಂದರೆ ಈಗಿನ ಹುಡುಗರು ನಂಬೋದಿಲ್ಲ. ಟೀ ಹೊತ್ತಿನಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: ಇನ್ನು ಫಾರಿನ್ ಮಾಲು ನುಗ್ಗುತ್ತದೆ, ನಮ್ಮ ಮಿಲ್ಲುಗಳೆಲ್ಲ ಮುಚ್ಚಿಹೋಗುತ್ತವೆ.

ಸಂಜೆ ಚಾಳಿಗೆ ಬಂದು ಅದನ್ನೇ ಮಾವನ ಮುಂದೆ ಒಪ್ಪಿಸಿದೆ. ನನ್ನ ಸೋದರಮಾವ ಉಡುಪಿ ಕಡೆಯಿಂದ ಹದಿಮೂರನೇ ವಯಸ್ಸಿಗೆ ಬೊಂಬಾಯಿಗೆ ಬಂದವರು. ಹಗಲು ಲೋವರ್ ಪರೇಲ್‌ನ ಒಂದು ಬಟ್ಟೆ ಮಿಲ್ಲಿನ ಕ್ಯಾಂಟೀನಿನಲ್ಲಿ ಕೆಲಸ, ರಾತ್ರಿ ಕನ್ನಡ ರಾತ್ರಿಶಾಲೆ. ಕೊನೆಗೆ ಅದೇ ಕ್ಯಾಂಟೀನಿನ ಉಸ್ತುವಾರಿ ನೋಡಿಕೊಳ್ಳುತ್ತಿದ್ದರು.

"ಎಂತ ಮುಚ್ಚುವುದು ಮಾರಾಯ? ಮುಚ್ಚಿ ಒಂಬತ್ತು ವರ್ಷ ಆಯ್ತಲ್ಲ! ಆಗ ಯಾವ ಫಾರಿನ್ ಬಟ್ಟೆ ಬಂದಿತ್ತು?" ಅಂದರು.

ನನ್ನ ಬಿ.ಕಾಂ. ಪುಸ್ತಕಗಳಲ್ಲಿ ಇದಕ್ಕೆ ಉತ್ತರ ಇರಲಿಲ್ಲ. ಆಮೇಲೆ ಫಾರೆಕ್ಸ್ ವಿಭಾಗದಲ್ಲಿ ಕೂತು ಆಮದಿನ ಎಲ್.ಸಿ. ತೆರೆಯುತ್ತಾ ವರ್ಷಗಳು ಕಳೆದವು, ಮಾವನ ಪ್ರಶ್ನೆ ಮಾತ್ರ ತಲೆಯಿಂದ ಹೋಗಲಿಲ್ಲ. ಸಿಕ್ಕ ಪುಸ್ತಕ ಓದಿದೆ. ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಜಗತ್ತಿಗೆಲ್ಲ ಮುಕ್ತ ವ್ಯಾಪಾರದ ಪಾಠ ಹೇಳಿದ ಇಂಗ್ಲೆಂಡು ತನ್ನ ಬಟ್ಟೆ ಉದ್ಯಮ ಬೆಳೆಸಿದ್ದು ಬಾಗಿಲು ಹಾಕಿಕೊಂಡೇ. ಭಾರತದ ಚೀಟಿ ಬಟ್ಟೆಗೆ ಅಲ್ಲಿನವರು ಮರುಳಾಗಿ ಉಣ್ಣೆ ನೇಯುವವರ ಹೊಟ್ಟೆಗೆ ಏಟು ಬಿದ್ದಾಗ, 1700ರಲ್ಲಿ ಒಮ್ಮೆ, 1721ರಲ್ಲಿ ಇನ್ನೊಮ್ಮೆ ಪಾರ್ಲಿಮೆಂಟಿನಲ್ಲಿ ಕಾನೂನು ಮಾಡಿ ಅದನ್ನು ತಡೆದರು. ಯಂತ್ರಗಳು ಬಂದು ತಮ್ಮ ಬಟ್ಟೆ ಅಗ್ಗವಾದ ಮೇಲೆ ಮುಕ್ತ ವ್ಯಾಪಾರದ ಮಂತ್ರ ಶುರು. ಇಲ್ಲಿ ಮೊದಲು ಕೆಲಸ ಕಳೆದುಕೊಂಡವರು ಮನೆಯಲ್ಲಿ ಕೂತು ನೂಲುತ್ತಿದ್ದ ಹೆಂಗಸರು. ಅಗ್ಗದ ವಿಲಾಯತಿ ನೂಲು ಸಿಕ್ಕಿದ್ದರಿಂದ ನೇಕಾರರಲ್ಲಿ ಹಲವರು ಇನ್ನೂ ಸ್ವಲ್ಪ ಕಾಲ ತಾಳಿಕೊಂಡರು. ಒಂದೇ ಆಮದು, ಒಂದೇ ಊರಿನಲ್ಲಿ ಒಬ್ಬರ ಅನ್ನ ಕಿತ್ತು ಪಕ್ಕದ ಮನೆಯವರಿಗೆ ನೆರವಾಯಿತು.

ಇಂಥ ಹೊತ್ತಿನಲ್ಲಿ, 1854ರಲ್ಲಿ, ಕಾವಸ್‌ಜಿ ನಾನಾಭಾಯಿ ದಾವರ್ ಎಂಬ ಪಾರ್ಸಿ ಸೇಠು ಮುಂಬಯಿಯಲ್ಲಿ ನೂಲಿನ ಗಿರಣಿಯ ಕಂಪನಿ ಕಟ್ಟಿದರು. 1856ರಲ್ಲಿ ತಾಡದೇವ್‌ನಲ್ಲಿ ಅದು ತಿರುಗಲು ಶುರುವಾಯಿತು. ರಕ್ಷಣೆ ಅಂತ ಹೇಳಿಕೊಳ್ಳುವಂಥದ್ದು ಏನೂ ಇರಲಿಲ್ಲ, ಯಂತ್ರ ಇಂಗ್ಲೆಂಡಿನದೇ. ಆದರೂ ಒಂದರ ಹಿಂದೆ ಒಂದು ಗಿರಣಿ ಎದ್ದವು. ಲಂಕಾಶೈರ್‌ನವರು ನಯವಾದ ಬಟ್ಟೆಯಲ್ಲಿ ಗಟ್ಟಿ. ನಮ್ಮವರು ಒರಟು ಬಟ್ಟೆ, ದಪ್ಪ ನೂಲು ಹಿಡಿದುಕೊಂಡರು, ಆ ನೂಲನ್ನು ಚೀನಾಕ್ಕೆ ಹಡಗುಗಟ್ಟಲೆ ಕಳಿಸಿದರು. (1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಗಿ ಹತ್ತಿಗೆ ಬರ ಬಂದಾಗ ಮ್ಯಾಂಚೆಸ್ಟರಿನವರ ಕಣ್ಣು ನಮ್ಮ ಧಾರವಾಡದ ಹತ್ತಿಯ ಮೇಲೂ ಬಿತ್ತು. ಆ ಹತ್ತಿ ಸಾಗಿಸಲು ಕಾರವಾರ ಬಂದರು ಬೇಕು ಅಂತ ಅವರು ಹಟ ಹಿಡಿದಿದ್ದರು. 1862ರಲ್ಲಿ ಉತ್ತರ ಕನ್ನಡ ಜಿಲ್ಲೆ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಬಂದದ್ದರ ಹಿಂದೆ ಈ ಹತ್ತಿಯ ಕಥೆಯೂ ಇದೆ.)

ಆಮದು ಬಟ್ಟೆಯ ಮೇಲೆ ಆಗ ಇದ್ದದ್ದು ಶೇಕಡ 5ರ ಸುಂಕ. ಸರ್ಕಾರದ ಬೊಕ್ಕಸಕ್ಕೆ ಹಾಕಿದ್ದೇ ಹೊರತು ಗಿರಣಿ ಕಾಯಲಿಕ್ಕಲ್ಲ. ಮ್ಯಾಂಚೆಸ್ಟರಿಗೆ ಅದೂ ಕಣ್ಣು ಚುಚ್ಚಿತು. ಗಲಾಟೆ ಮಾಡಿ ಮಾಡಿ 1882ರಲ್ಲಿ ಪೂರ್ತಿ ತೆಗೆಸಿದರು. ಮುಂಬಯಿ ಗಿರಣಿಗಳು ಅದಕ್ಕೂ ಸಾಯಲಿಲ್ಲ, ಬೆಳೆದವು.

ನನಗೆ ಸಿಟ್ಟು ಬರೋದು ಮುಂದಿನದಕ್ಕೆ. 1894ರಲ್ಲಿ ಬೊಕ್ಕಸ ಖಾಲಿಯಾಗಿ ಆಮದು ಸುಂಕ ಮತ್ತೆ ಹಾಕಬೇಕಾಯಿತು. ಲಂಕಾಶೈರ್‌ಗೆ ಬೇಸರ ಆಗಬಾರದಲ್ಲ? ಅದಕ್ಕೆ ಇಲ್ಲಿನ ಗಿರಣಿಗಳ ಮೇಲೂ ತೆರಿಗೆ ಜಡಿದರು. 1896ರಲ್ಲಿ ಲೆಕ್ಕ ನೇರ ಮಾಡಿದರು: ವಿಲಾಯತಿ ಬಟ್ಟೆ 100 ರೂಪಾಯಿಯದು ಬಂದರೆ ಮೂರೂವರೆ ರೂಪಾಯಿ ಸುಂಕ, ಪರೇಲ್‌ನ ಗಿರಣಿ 100 ರೂಪಾಯಿಯ ಬಟ್ಟೆ ನೇಯ್ದರೂ ಮೂರೂವರೆ ರೂಪಾಯಿ ಅಬಕಾರಿ. ಲಂಕಾಶೈರ್ ನೇಯದೇ ಇದ್ದ ಒರಟು ಬಟ್ಟೆಗೂ ಬಿಡಲಿಲ್ಲ. ಕಾಂಗ್ರೆಸ್ಸಿನವರು, ಗಿರಣಿ ಮಾಲೀಕರು ಕೂಗಿದ್ದೇ ಬಂತು. 1925ರ ಡಿಸೆಂಬರ್‌ವರೆಗೆ, ಸುಮಾರು ಮೂವತ್ತು ವರ್ಷ ಅದು ನಡೆಯಿತು. ಇದನ್ನು ಮುಕ್ತ ವ್ಯಾಪಾರ ಅನ್ನಬೇಕೇ? ನನ್ನ ಪ್ರಕಾರ ತಕ್ಕಡಿ ಹಿಡಿದವನೇ ಗಿರಾಕಿಯೂ ಆದ ವ್ಯಾಪಾರ ಅದು.

ಆದರೆ ಮುಂಬಯಿಗೆ ಬಿದ್ದ ದೊಡ್ಡ ಏಟು ಮ್ಯಾಂಚೆಸ್ಟರಿನದಲ್ಲ, ಜಪಾನಿನದು. 1893ರಲ್ಲಿ ಜಮ್‌ಶೇಟ್‌ಜಿ ಟಾಟಾ ಇಂಗ್ಲಿಷ್ ಹಡಗು ಕಂಪನಿಯ ದುಬಾರಿ ಬಾಡಿಗೆ ಮುರಿಯಲು ಜಪಾನಿನ ನಿಪ್ಪಾನ್ ಯೂಸೆನ್ ಕೈಶಾ ಜೊತೆ ಸೇರಿ ಹೊಸ ಹಡಗು ಮಾರ್ಗ ತೆರೆದರು. ಆ ಮಾರ್ಗದಲ್ಲಿ ನಮ್ಮ ಹತ್ತಿ ಜಪಾನಿಗೆ ಹೋಯಿತು, ಅಲ್ಲಿ ಗಿರಣಿಗಳು ಬೆಳೆದವು. ಅದೇ ವರ್ಷ ಸರ್ಕಾರ ಟಂಕಸಾಲೆಗಳಲ್ಲಿ ಜನರ ಬೆಳ್ಳಿ ತೆಗೆದುಕೊಳ್ಳುವುದನ್ನು ನಿಲ್ಲಿಸಿತು. ರೂಪಾಯಿ ಬೆಳ್ಳಿಗಿಂತ ತುಟ್ಟಿಯಾಯಿತು. ಬೆಳ್ಳಿ ನಾಣ್ಯದ ಚೀನಾದಲ್ಲಿ ನಮ್ಮ ನೂಲಿನ ಬೆಲೆ ಏರಿತು, ಜಪಾನಿಗೆ ದಾರಿ ಸಲೀಸಾಯಿತು. ಮೊದಲು ಚೀನಾದ ಪೇಟೆ ಕೈತಪ್ಪಿತು, ಮೊದಲ ಮಹಾಯುದ್ಧ ಮುಗಿದ ಮೇಲೆ ಜಪಾನಿನ ಬಟ್ಟೆ ನಮ್ಮ ಪೇಟೆಗೇ ಬಂದು ಕೂತಿತು. 1927ರಲ್ಲಿ ಮತ್ತೆ ಅದೇ ಕಥೆ. ರೂಪಾಯಿಗೆ ಒಂದು ಶಿಲ್ಲಿಂಗ್ ಆರು ಪೆನ್ಸ್ ಅಂತ ವಿನಿಮಯ ದರ ಕಟ್ಟಿದರು. ಒಂದು ಶಿಲ್ಲಿಂಗ್ ನಾಲ್ಕೇ ಪೆನ್ಸ್ ಇರಲಿ ಅಂತ ಪುರುಷೋತ್ತಮದಾಸ್ ಠಾಕೂರ್‌ದಾಸ್ ಭಿನ್ನಮತ ಬರೆದರು, ಯಾರೂ ಕೇಳಲಿಲ್ಲ. ಸುಂಕದ ಬಗ್ಗೆ ಎಲ್ಲರೂ ಜಗಳ ಆಡುತ್ತಾರೆ, ವಿನಿಮಯ ದರ ಸದ್ದಿಲ್ಲದೆ ಕೆಲಸ ಮಾಡುತ್ತದೆ. ಫಾರೆಕ್ಸ್‌ನಲ್ಲಿ ಕೂತವನ ಮಾತು ಅಂತ ಬೇಕಾದರೆ ನಕ್ಕುಬಿಡಿ.

ಕೊನೆಗೆ 1930ರಲ್ಲಿ ರಕ್ಷಣೆ ಸಿಕ್ಕಿತು. ಬ್ರಿಟಿಷ್ ಬಟ್ಟೆಗೆ ಶೇಕಡ 15, ಉಳಿದವರದಕ್ಕೆ 20. ಏರುತ್ತಾ ಏರುತ್ತಾ 1933ರಲ್ಲಿ ಬ್ರಿಟಿಷೇತರ ಬಟ್ಟೆಯ ಮೇಲೆ ಶೇಕಡ 75 ಆಯಿತು. ಮಾಲೀಕರು ಖುಷಿ. ಜಪಾನಿನವರು ಸುಮ್ಮನಿರುತ್ತಾರೆಯೇ? ನಿಮ್ಮ ಹತ್ತಿಯೇ ಬೇಡ ಅಂತ ಕೂತರು. ಆಗ ಅತ್ತವರು ಹತ್ತಿ ಬೆಳೆದ ರೈತರು. ಗಿರಣಿಗೆ ಕಟ್ಟಿದ ಗೋಡೆ ಅವರ ಹೊಲದ ಮೇಲೆ ಬಿತ್ತು. 1934ರಲ್ಲಿ ಒಂದು ಒಪ್ಪಂದವಾಯಿತು: ಸುಂಕ 50ಕ್ಕೆ ಇಳಿಯಿತು, ಜಪಾನ್ ವರ್ಷಕ್ಕೆ 15 ಲಕ್ಷ ಬೇಲ್ ಹತ್ತಿ ಕೊಂಡರೆ 40 ಕೋಟಿ ಗಜ ಬಟ್ಟೆ ಕಳಿಸಬಹುದು. ರಕ್ಷಣೆಯಿಂದ ದೇಶದ ಗಿರಣಿಗಳು ಗೆದ್ದದ್ದು ನಿಜ, ಆ ದಶಕದ ಕೊನೆಗೆ ಆಮದು ಬಟ್ಟೆ ಬಹಳ ಕಡಿಮೆಯಾಗಿತ್ತು. ಆದರೆ ಹೆಚ್ಚು ಲಾಭ ಅಹಮದಾಬಾದ್, ಕೊಯಮತ್ತೂರಿಗೆ. ಕೂಲಿ, ಬಾಡಿಗೆ ಎಲ್ಲ ದುಬಾರಿಯಿದ್ದ ಮುಂಬಯಿ ಹಿಂದೆ ಬೀಳುತ್ತಿತ್ತು.

ಸ್ವಾತಂತ್ರ್ಯ ಬಂದ ಮೇಲೆ ಬಾಗಿಲು ಪೂರ್ತಿ ಮುಚ್ಚಿತು. ಹೊರಗಿನ ಬಟ್ಟೆ ಕಳ್ಳಸಾಗಣೆಯಲ್ಲಿ ಬಂದದ್ದೇ ಹೆಚ್ಚು (ಕ್ರಾಫರ್ಡ್ ಮಾರ್ಕೆಟ್ ಬಳಿ ಗುಟ್ಟಾಗಿ ಕೊಂಡ ಫಾರಿನ್ ಸೀರೆ ನಿಮ್ಮ ಮನೆಯಲ್ಲೂ ಇದ್ದೀತು!). ಒಳಗೇನಾಯಿತು? ಕೈಮಗ್ಗ ಉಳಿಸಲು 1956ರಿಂದ ಗಿರಣಿಗಳಿಗೆ ಮಗ್ಗ ಹೆಚ್ಚಿಸಲು ಸರ್ಕಾರ ಬಿಡಲಿಲ್ಲ. ಆ ಜಾಗಕ್ಕೆ ಭಿವಂಡಿ, ಮಾಲೇಗಾಂವ್, ಇಚಲಕರಂಜಿಯ ಪವರ್‌ಲೂಮುಗಳು ಬಂದವು. ಪಾಲಿಯೆಸ್ಟರಿಗೆ ಭಾರೀ ತೆರಿಗೆ. ಪೈಪೋಟಿ ಇಲ್ಲದ ಮಾಲೀಕರಲ್ಲಿ ಹಲವರು ಹಳೇ ಯಂತ್ರಗಳನ್ನೇ ಓಡಿಸುತ್ತಾ ಲಾಭವನ್ನು ಬೇರೆ ಕಡೆ ಹಾಕಿದರು. 1982ರ ಜನವರಿ 18ಕ್ಕೆ ದತ್ತಾ ಸಾಮಂತರ ಮುಷ್ಕರ ಶುರುವಾದಾಗ ಹೊರಗೆ ಬಂದವರು ಸುಮಾರು ಎರಡೂವರೆ ಲಕ್ಷ ಜನ. ಅವರಲ್ಲಿ ಸಾವಿರಾರು ಮಂದಿ ಮತ್ತೆ ಒಳಗೆ ಹೋಗಲೇ ಇಲ್ಲ. ಮಾವನ ಕ್ಯಾಂಟೀನಿನ ಒಲೆಯೂ ಆಗ ಆರಿದ್ದು.

ಇನ್ನೊಂದು ಮಾತು. ಆಮದಿನ ಬಾಗಿಲು ತೆರೆಯಲು ಶುರುವಾದ ಅದೇ 1991ರಲ್ಲಿ ಮುಂಬಯಿಯ ಕಟ್ಟಡ ನಿಯಮಗಳಲ್ಲಿ ಮಿಲ್ಲಿನ ಜಾಗದ ಬಗ್ಗೆ 58ನೇ ನಿಯಮ ಬಂತು. ಕಾರ್ಖಾನೆಯ ನೆಲವನ್ನು ಬೇರೆ ಕೆಲಸಕ್ಕೆ ಬಿಡಲು ಅದರಿಂದ ದಾರಿಯಾಯಿತು. ಬಟ್ಟೆಗಿಂತ ನೆಲಕ್ಕೆ ಬೆಲೆ ಹೆಚ್ಚಾದ ಊರಿನಲ್ಲಿ ಸುಂಕ ಎಷ್ಟಿದ್ದರೇನು? ಆಮದಿನ ಪ್ರಮಾಣ ನಿರ್ಬಂಧಗಳ ಕೊನೆಯ ಕಂತು ಹೋದದ್ದು 2001ರ ಏಪ್ರಿಲ್ 1ಕ್ಕೆ. ಅಷ್ಟರೊಳಗೆ ಫೀನಿಕ್ಸ್ ಮಿಲ್ಲಿನ ಅಂಗಳದಲ್ಲಿ ಬೌಲಿಂಗ್ ಆಡಲು ಜನ ಕ್ಯೂ ನಿಲ್ಲುತ್ತಿದ್ದರು.

2011ರಲ್ಲಿ ಬಾಂಗ್ಲಾದೇಶದ ಸಿದ್ಧ ಉಡುಪಿಗೆ ಭಾರತ ಸುಂಕ ತೆಗೆದುಹಾಕಿತು. ಒಂದೆರಡು ವರ್ಷದ ನಂತರ ಗಣೇಶ ಚೌತಿಗೆ ಮಾವನಿಗೆ ಒಂದು ಶರ್ಟ್ ಕೊಟ್ಟೆ, ಲೋವರ್ ಪರೇಲ್‌ನ ಮಾಲ್‌ನಲ್ಲೇ ಕೊಂಡದ್ದು. ಮಾವ ಕನ್ನಡಕ ಏರಿಸಿ ಕಾಲರಿನ ಪಟ್ಟಿ ಓದಿದರು. ಮೇಡ್ ಇನ್ ಬಾಂಗ್ಲಾದೇಶ್. ಬೆರಳಲ್ಲಿ ಬಟ್ಟೆ ಉಜ್ಜಿ ನೋಡಿದರು.

"ನಲವತ್ತು ಕೌಂಟ್ ಇರಬೇಕು. ಒಳ್ಳೆ ಮಾಲು. ನೂಲು ಎಲ್ಲಿಯದಂತೆ?"

"ನಮ್ಮಲ್ಲಿಂದಲೇ ಹೋದದ್ದಿರಬಹುದು ಮಾವ. ನೂಲು, ಹತ್ತಿ ಎರಡೂ ಇಲ್ಲಿಂದ ಅವರಿಗೆ ಹೋಗ್ತದೆ. ಆ ಬಿಲ್ಲುಗಳು ನನ್ನ ಟೇಬಲ್ಲಿಗೇ ಬರ್ತವೆ," ಅಂದೆ.

ಮಾವ ಏನೂ ಹೇಳಲಿಲ್ಲ. ಶರ್ಟ್ ಮಡಿಚಿ ಟ್ರಂಕಿನಲ್ಲಿಟ್ಟು, ಚಹಾಕ್ಕೆ ನೀರಿಡಲು ಎದ್ದರು.